ಮನೆಯ ಮಾತು, ಮಜಲಿಸಿನ ಮಾತು

ಬೀದರಿನಲ್ಲಿ ಮುಶಾಯಿರಾ ನಡೆಯುವ ರಾತ್ರಿ ವೇದಿಕೆಯ ಹಿಂಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಚಹಾ ಕುಡಿಯುತ್ತ ಗೆಳೆಯನೊಂದಿಗೆ ‘ಮೇರೆಕು ನಕ್ಕೋ’, ‘ಕಾಯ್ಕು’, ‘ಹೌ’ ಎಂದು ಹರಟುತ್ತಿದ್ದ ಕವಿ, ತನ್ನ ಹೆಸರು ಕೂಗಿದೊಡನೆ ಶೇರ್ವಾನಿಯ ಗುಂಡಿ ಸರಿಪಡಿಸಿಕೊಂಡು ಮೈಕಿನ ಮುಂದೆ ಬರುತ್ತಾನೆ. ಅಲ್ಲಿ ‘ನಕ್ಕೋ’ ಇದ್ದದ್ದು ‘ನಹೀಂ ಚಾಹಿಯೇ’ ಆಗುತ್ತದೆ. ‘ಕಾಯ್ಕು’ ಹೋಗಿ ‘ಕ್ಯೂಂ’ ಬರುತ್ತದೆ. ‘ಹೌ’ ಎಂಬುದು ‘ಜೀ ಹಾಂ’ ಆಗುತ್ತದೆ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆತನ ಭಾಷೆಯೇ ಬೇರೆಯಾಗಿದೆ.

ಕೆಲವರು ಇದನ್ನು ತೋರಿಕೆ ಎನ್ನುತ್ತಾರೆ. ಮನೆಯಲ್ಲೊಂದು, ಸಭೆಯಲ್ಲೊಂದು ಮಾತಾಡುವವನನ್ನು ನಂಬುವುದು ಹೇಗೆ ಎಂಬುದು ಅವರ ವಾದ. ಆದರೆ ಈ ಬದಲಾವಣೆ ಒಬ್ಬ ಕವಿಯ ಸ್ವಭಾವಕ್ಕೆ ಸಂಬಂಧಿಸಿದ್ದಲ್ಲ. ಪ್ರವಚನಕಾರರು, ಕೀರ್ತನಕಾರರು, ನಾಟಕದವರು, ಚುನಾವಣೆಯ ಭಾಷಣಕಾರರು, ಎಲ್ಲರೂ ಇದನ್ನು ಮಾಡುತ್ತಾರೆ. ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಂತೂ ಇದಕ್ಕೆ ಆರುನೂರು ವರ್ಷಗಳ ಇತಿಹಾಸವಿದೆ. ಯಾವ ಮಾತನ್ನು ಹೊಸ್ತಿಲೊಳಗೆ ಇಡಬೇಕು, ಯಾವುದನ್ನು ಹೊರಗೆ ತರಬೇಕು ಎಂಬುದನ್ನು ಇಲ್ಲಿ ಮಾತಾಡುವವನು ನಿರ್ಧರಿಸಿದ್ದು ಕಡಿಮೆ. ಎದುರಿಗೆ ಕುಳಿತವರು, ಇನಾಮು ಕೊಡುವವರು, ಅನುಮತಿ ನೀಡುವವರು ಅದನ್ನು ನಿರ್ಧರಿಸಿದ್ದಾರೆ.

ಮೊದಲಿಗೆ ಆ ಹಿಂಬದಿಯ ಭಾಷೆ ಯಾವುದೆಂದು ನೋಡೋಣ. ಅದು ದಖನಿ. ಇದು ಉರ್ದುವಿನ ಕೆಟ್ಟುಹೋದ ರೂಪವೆಂದು ಭಾವಿಸುವವರು ಸ್ವತಃ ದಖನಿ ಮಾತಾಡುವ ಮನೆಗಳಲ್ಲೇ ಇದ್ದಾರೆ. ಯಥಾರ್ಥದಲ್ಲಿ ದಖನಿಯ ಸಾಹಿತ್ಯ, ಇಂದು ನಾವು ಶಿಷ್ಟ ಉರ್ದು ಎನ್ನುವುದರ ಸಾಹಿತ್ಯಕ್ಕಿಂತ ಹಳೆಯದು. 14ನೇ ಶತಮಾನದಲ್ಲಿ ದಿಲ್ಲಿಯ ಕಡೆಯಿಂದ ಸೈನಿಕರು, ಕುಶಲಕರ್ಮಿಗಳು, ಸೂಫಿಗಳು ತಂದ ಆಡುನುಡಿ ದಖನ್ನಿನ ಮಣ್ಣಿನಲ್ಲಿ ಬೇರೂರಿ ಈ ಭಾಷೆಯಾಯಿತು. ನೆರೆಮನೆಯವರಿಂದ ಅದು ಧಾರಾಳವಾಗಿ ಪಡೆದುಕೊಂಡಿತು. ‘ನಕ್ಕೋ’ ಮರಾಠಿಯ ‘ನಕೋ’. ಒತ್ತಿ ಹೇಳುವಾಗ ಸೇರಿಸುವ ‘ಇಚ್’ ಕೂಡ ಮರಾಠಿಯ ‘ಚ’ದ ನೆಂಟ. ಇನ್ನು ‘ಆತೂಂ ಬೋಲ್ಕೆ ಬೋಲ್ಯಾ’ ಎಂಬ ವಾಕ್ಯವನ್ನು ನೋಡಿ. ಪದಗಳೆಲ್ಲ ಉತ್ತರದವು. ಆದರೆ ವಾಕ್ಯದ ಕಟ್ಟು ‘ಬರ್ತೀನಿ ಅಂತ ಹೇಳಿದ’ ಎಂಬ ನಮ್ಮ ಕನ್ನಡದ್ದು. ಆ ‘ಬೋಲ್ಕೆ’ಯು ನಮ್ಮ ‘ಅಂತ’ ಮಾಡುವ ಕೆಲಸವನ್ನೇ ಮಾಡುತ್ತದೆ. ಲಖನೌದವನಿಗೆ ಇದು ತಪ್ಪಾಗಿ ಕೇಳಿಸೀತು. ಬೀದರಿನ ಕನ್ನಡಿಗನಿಗೆ ಇದು ಸಹಜ.

ಅರಮನೆಯ ಫಾರಸಿ, ಪೇಟೆಯ ದಖನಿ

ಬಹಮನಿ ಸುಲ್ತಾನ ಅಹಮದ್ ಶಾಹ (ಆಳ್ವಿಕೆ 1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಆಸ್ಥಾನದ ಭಾಷೆ ಫಾರಸಿ. ಇರಾನಿನಿಂದ ವಿದ್ವಾಂಸರು, ಸೂಫಿಗಳು, ಅಧಿಕಾರಿಗಳು ಬರುತ್ತಿದ್ದರು. ಮುಂದೆ ಇದೇ ನಗರದಲ್ಲಿ ವಜೀರನಾದ ಮಹಮೂದ್ ಗವಾನ್ ಗೀಲಾನಿನಿಂದ ಬಂದವನು. 1472ರಲ್ಲಿ ಪೂರ್ಣಗೊಂಡ ಅವನ ಮದ್ರಸಾ ಇಂದಿಗೂ ಅರೆಮುರಿದು ನಿಂತಿದೆ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಫಾರಸಿ ಗದ್ಯದ ಮಾದರಿಯೆಂದು ಹೆಸರಾಯಿತು. ಹೊರಗಿನಿಂದ ಬಂದ ‘ಆಫಾಕಿ’ಗಳಿಗೂ ಇಲ್ಲೇ ನೆಲೆಸಿದ್ದ ‘ದಖನಿ’ಗಳಿಗೂ ನಡುವೆ ದ್ವೇಷ ಬೆಳೆದಿತ್ತು. 1481ರಲ್ಲಿ ಗವಾನನ ಹೆಸರಿನಲ್ಲಿ ಒಂದು ಕಳ್ಳಪತ್ರ ಸೃಷ್ಟಿಸಿ, ಅವನ ಮೊಹರು ಒತ್ತಿಸಿ, ಸುಲ್ತಾನನ ಮುಂದಿಟ್ಟರು. ಅದನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಪತ್ರ ಬರೆಯುವುದರಲ್ಲಿ ನಿಷ್ಣಾತನಾದವನು ತಾನು ಬರೆಯದ ಪತ್ರದಿಂದ ಸತ್ತ.

ಅಂದರೆ ‘ದಖನಿ’ ಎಂಬುದು ಒಂದು ಭಾಷೆಯ ಹೆಸರಷ್ಟೇ ಆಗಿರಲಿಲ್ಲ. ಅದೊಂದು ಪಕ್ಷದ ಹೆಸರೂ ಆಗಿತ್ತು. ಫಾರಸಿ ಬಲ್ಲವನು ಎತ್ತರದವನು, ಊರ ಮಾತನಾಡುವವನು ಕೆಳಗಿನವನು ಎಂಬ ಲೆಕ್ಕ ಅಂದೇ ಶುರುವಾಗಿತ್ತು.

ಹೀಗಿದ್ದೂ ಅದೇ ಬೀದರಿನಲ್ಲಿ, ಅಹಮದ್ ಶಾಹನ ಕಾಲದ ಆಸುಪಾಸಿನಲ್ಲಿ, ಫಖ್ರುದ್ದೀನ್ ನಿಜಾಮಿ ಎಂಬ ಕವಿ ಒಂದು ದೀರ್ಘ ಮಸ್ನವಿಯನ್ನು ಫಾರಸಿಯಲ್ಲಲ್ಲ, ಊರ ಮಾತಿನಲ್ಲಿ ಬರೆದನು. ಅದರ ಒಂದೇ ಹಸ್ತಪ್ರತಿ ಉಳಿದಿದೆ. ಕವಿ ಇಟ್ಟ ಹೆಸರು ಸಿಗದ ಕಾರಣ ಅದರ ಪಾತ್ರಗಳಿಂದಲೇ ಅದನ್ನು ‘ಕದಮ್ ರಾವ್ ಪದಮ್ ರಾವ್’ ಎಂದು ಕರೆಯುತ್ತಾರೆ. ಪಾಕಿಸ್ತಾನದ ವಿದ್ವಾಂಸ ಜಮೀಲ್ ಜಾಲಿಬಿ ಅದನ್ನು ಸಂಪಾದಿಸಿ 1973ರಲ್ಲಿ ಕರಾಚಿಯಿಂದ ಪ್ರಕಟಿಸಿದರು. ಉರ್ದು ಪರಂಪರೆಯಲ್ಲಿ ಈವರೆಗೆ ದೊರೆತಿರುವ ಅತಿ ಹಳೆಯ ಮಸ್ನವಿ ಅದೇ. ಅದರ ಭಾಷೆಯಲ್ಲಿ ಅರಬಿ–ಫಾರಸಿ ಪದಗಳು ಎಷ್ಟು ಕಡಿಮೆಯೆಂದರೆ ಇಂದಿನ ಉರ್ದು ಓದುಗನಿಗೆ ಪದಕೋಶ ಬೇಕು. ಸಂಸ್ಕೃತ ಮತ್ತು ಪ್ರಾಕೃತ ಮೂಲದ ಪದಗಳಿಂದ ಅದು ತುಂಬಿದೆ.

ಕಥೆಯೂ ನಮ್ಮ ವಿಷಯಕ್ಕೆ ಹತ್ತಿರದ್ದೇ. ಕದಮ್ ರಾವ್ ರಾಜ, ಪದಮ್ ರಾವ್ ಅವನ ಮಂತ್ರಿಯಾದ ನಾಗ. ಒಬ್ಬ ಜೋಗಿಯಿಂದ ರಾಜ ಪರಕಾಯ ಪ್ರವೇಶದ ವಿದ್ಯೆ ಕಲಿಯುತ್ತಾನೆ. ಜೋಗಿ ವಂಚಿಸಿ ರಾಜನ ದೇಹವನ್ನು ಹೊಕ್ಕು ಸಿಂಹಾಸನವೇರುತ್ತಾನೆ. ನಿಜವಾದ ರಾಜ ಗಿಳಿಯ ದೇಹದಲ್ಲಿ ಸಿಕ್ಕಿಕೊಳ್ಳುತ್ತಾನೆ. ಸಿಂಹಾಸನದ ಮೇಲೆ ಒಬ್ಬ, ಗಿಳಿಯ ಗಂಟಲಿನಲ್ಲಿ ಇನ್ನೊಬ್ಬ. ಕೊನೆಗೆ ನಾಗನೇ ಅವನನ್ನು ಬಿಡಿಸಬೇಕಾಗುತ್ತದೆ. ಕವಿ ಇದನ್ನು ಭಾಷೆಯ ರೂಪಕವಾಗಿ ಬರೆದನೆಂದು ನಾವು ಹೇಳುತ್ತಿಲ್ಲ. ಆದರೆ ಫಾರಸಿಯ ಆಸ್ಥಾನದ ನೆರಳಲ್ಲಿ ಊರ ಮಾತಿನಲ್ಲಿ ಬರೆದವನಿಗೆ ಈ ಕಥೆಯೇ ಹಿಡಿಸಿತು ಎಂಬುದು ಕುತೂಹಲದ ಸಂಗತಿ.

ಸೂಫಿಗಳು ಈ ಇಕ್ಕಟ್ಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ಬಿಜಾಪುರದ ಮೀರಾಂಜಿ ಶಮ್ಸುಲ್ ಉಶ್ಶಾಕ್ ಮತ್ತು ಅವರ ಮಗ ಬುರ್ಹಾನುದ್ದೀನ್ ಜಾನಮ್ ಜನಸಾಮಾನ್ಯರಿಗಾಗಿ ದಖನಿಯಲ್ಲಿ ಬರೆದರು. ಅದನ್ನು ಅವರು ‘ಹಿಂದಿ’ ಎಂದೇ ಕರೆದರು. ಹಾಗೆ ಬರೆದದ್ದಕ್ಕೆ ಇಬ್ಬರೂ ತಮ್ಮ ಕೃತಿಗಳಲ್ಲಿ ಸಮಜಾಯಿಷಿ ಕೊಟ್ಟುಕೊಂಡಿದ್ದಾರೆ. ಭಾಷೆ ಕೀಳೆಂದು ಭಾವಿಸಬೇಡಿ, ಒಳಗಿನ ಅರ್ಥ ನೋಡಿ ಎಂಬುದು ಅವರ ಮಾತಿನ ಧಾಟಿ. ಸಂತರಿಗೂ ತಮ್ಮ ಮನೆಮಾತನ್ನು ಹೊರಗೆ ತರುವಾಗ ಕ್ಷಮೆ ಕೇಳಬೇಕೆನಿಸಿತ್ತು! ಬೀಸುವಾಗ ಹಾಡುವ ‘ಚಕ್ಕೀನಾಮಾ’, ನೂಲುವಾಗ ಹಾಡುವ ‘ಚರ್ಖಾನಾಮಾ’ಗಳು ಇದೇ ಪರಂಪರೆಯವು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಈ ಹಾಡುಗಳಿಗೆ ವಿಶೇಷ ಸ್ಥಾನ ಕೊಟ್ಟಿದ್ದಾರೆ. ದಖನ್ನಿನ ಹಳ್ಳಿಗಳಲ್ಲಿ ಸೂಫಿ ವಿಚಾರ ಹರಡಿದ್ದು ವಿದ್ವಾಂಸರ ಫಾರಸಿ ಗ್ರಂಥಗಳಿಗಿಂತ ಹೆಚ್ಚಾಗಿ ಹೆಂಗಸರ ಬೀಸುಕಲ್ಲಿನ ಬಳಿ. ದಖನಿಯ ನಿಜವಾದ ತವರು ಅಡುಗೆಮನೆ ಎಂಬುದನ್ನು ಮುಂದೆ ನೆನಪಿಡಬೇಕು.

ಬಿಜಾಪುರ 1686ರಲ್ಲಿ, ಗೋಲ್ಕೊಂಡಾ 1687ರಲ್ಲಿ ಔರಂಗಜೇಬನ ವಶವಾದವು. ದಖನಿ ಕವಿಗಳಿಗೆ ಆಶ್ರಯ ಕೊಟ್ಟ ಆಸ್ಥಾನಗಳು ಮುಗಿದವು. 1700ರಲ್ಲಿ ವಲಿ ದಖನಿ ದಿಲ್ಲಿಗೆ ಹೋದನು. ಅವನ ದಿವಾನ್ ಅಲ್ಲಿಗೆ ಮುಟ್ಟಿದಾಗ ಗಾಯಕರೂ ಕವಿಗಳೂ ಅದನ್ನು ಎದೆಗವಚಿಕೊಂಡರು. ಉತ್ತರದಲ್ಲಿ ಜನರ ಮಾತಿನಲ್ಲಿ ಗಜಲ್ ಬರೆಯುವ ಧೈರ್ಯ ಬಂದದ್ದೇ ಆ ಬಳಿಕ. ಆದರೆ ದಿಲ್ಲಿ ಕೆಲವೇ ದಶಕಗಳಲ್ಲಿ ತನ್ನದೇ ಶುದ್ಧಿಯ ಅಳತೆಗೋಲನ್ನು ಮಾಡಿಕೊಂಡು, ಅದರಿಂದಲೇ ದಖನಿಯನ್ನು ಅಳೆದು ‘ಒರಟು’ ಎಂದಿತು. ಉತ್ತರದ ಕವಿಚರಿತ್ರೆಕಾರರ ಬರಹಗಳಲ್ಲಿ ಈ ತಾತ್ಸಾರ ಕಾಣಿಸುತ್ತದೆ. ದಖನಿ ನಿಧಾನವಾಗಿ ಪುಸ್ತಕದಿಂದ ಇಳಿದು ಮತ್ತೆ ಒಲೆಯ ಮುಂದೆ ಹೋಗಿ ಕುಳಿತಿತು.

ಭಾಲ್ಕಿಯ ಬೋರ್ಡು

ಈ ಚರಿತ್ರೆಯನ್ನು ಮುಸ್ಲಿಮರ ಮನೆಯ ಸಂಗತಿಯೆಂದು ಮಾತ್ರ ಓದಿದರೆ ಅರ್ಧ ಓದಿದಂತೆ. ನಿಜಾಮ್ ಸಂಸ್ಥಾನದಲ್ಲಿ ಫಾರಸಿಯ ಸ್ಥಾನಕ್ಕೆ 1880ರ ದಶಕದಲ್ಲಿ ಉರ್ದು ಬಂತು. ಕಚೇರಿ, ಕೋರ್ಟು, ಶಾಲೆ ಎಲ್ಲೆಲ್ಲೂ ಅದೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವೈದ್ಯಕೀಯ, ಕಾನೂನುಗಳನ್ನು ಕೂಡ ಉರ್ದುವಿನಲ್ಲಿ ಕಲಿಸಿತು. ಒಂದು ಭಾರತೀಯ ಭಾಷೆಗೆ ಅದು ದೊಡ್ಡ ಸಾಧನೆಯೇ ಸರಿ. ಆದರೆ ಸಂಸ್ಥಾನದ ಬಹುಸಂಖ್ಯಾತರ ಭಾಷೆಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಆ ಗೌರವ ಸಿಗಲಿಲ್ಲ. ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ‘ಗಶ್ತಿ ನಿಶಾನ್ 53’ ಎಂಬ ಸುತ್ತೋಲೆ ಜಾರಿಯಲ್ಲಿತ್ತು. ಖಾಸಗಿ ಶಾಲೆಗಳ ಮೇಲೂ ನಿರ್ಬಂಧಗಳಿದ್ದವು. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

ಆಗ ಭಾಲ್ಕಿಯ ಹಿರೇಮಠದಲ್ಲಿ ನಡೆದ ಸಂಗತಿ ಬೀದರ ಜಿಲ್ಲೆಯ ಮಕ್ಕಳಿಗೂ ಗೊತ್ತು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ, 1999ರಲ್ಲಿ ತೀರಿಕೊಂಡ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಕಮಲನಗರ ಆಗ ಔರಾದ ಕಡೆಯ ಒಂದು ಊರು. ಕನ್ನಡ, ಮರಾಠಿ ಎರಡೂ ಸಮಸಮ ನಡೆಯುವ ಗಡಿ. ಆ ಬೋರ್ಡನ್ನು ಕುರಿತು ಮಾತಾಡುವಾಗ ಅನೇಕರು ಅವರ ಕನ್ನಡಾಭಿಮಾನವನ್ನು ಹೊಗಳಿ ಮುಂದೆ ಹೋಗುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಗೋಡೆಯ ಹೊರಗಡೆಯದು ಒಂದು ಭಾಷೆ, ಒಳಗಡೆಯದು ಇನ್ನೊಂದು. ಇಲ್ಲಿ ಅದನ್ನು ತೋರಿಕೆ ಎಂದು ಯಾರೂ ಹೇಳುವುದಿಲ್ಲ. ಒಂದು ಭಾಷೆಯನ್ನು ಕಾಪಾಡಲು ಇನ್ನೊಂದು ಭಾಷೆಯನ್ನು ಕೊಡೆಯಂತೆ ಹಿಡಿಯಬೇಕಾಯಿತು ಎಂದು ಎಲ್ಲರೂ ಒಪ್ಪುತ್ತಾರೆ. ಮೈಕಿನ ಮುಂದೆ ‘ನಕ್ಕೋ’ವನ್ನು ನುಂಗಿಕೊಳ್ಳುವ ಕವಿಗೆ ಮಾತ್ರ ಈ ರಿಯಾಯಿತಿ ಯಾಕಿಲ್ಲ?

ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಒಂದು ವಿಚಾರವಿದೆ. ಸರಕಾರದ ಉರ್ದುವನ್ನು ‘ಮುಸ್ಲಿಮರ ಭಾಷೆ’ ಎಂದು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ಆದರೆ ಬೀದರಿನ ಬಿದರಿ ಕುಶಲಕರ್ಮಿಯ ಹೆಂಡತಿಗೆ, ಭಾಲ್ಕಿಯ ನೇಕಾರನ ಮಗುವಿಗೆ ಉಸ್ಮಾನಿಯಾದ ಪಠ್ಯದ ಉರ್ದು ತಮ್ಮದಾಗಿತ್ತೆ? ಅವರೂ ಶಾಲೆಯಲ್ಲಿ ‘ಲೋಗಾಂ’ ಎಂದು ಹೇಳಿ ‘ಲೋಗ್’ ಎಂದು ತಿದ್ದಿಸಿಕೊಂಡವರೇ. ಕನ್ನಡದ ಹುಡುಗನಿಗೆ ಅದು ಪರಭಾಷೆ. ದಖನಿಯ ಹುಡುಗನಿಗೆ ಅದು ತನ್ನದೇ ಭಾಷೆಯ ಹೆಸರಿನಲ್ಲಿ ಬಂದು ಅವನ ತಾಯಿಯ ಮಾತನ್ನು ತಪ್ಪೆನ್ನುವ ಭಾಷೆ. ಇದರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆಂದು ಹೇಳುವುದು ಕಷ್ಟ.

ಗಡಿನಾಡಿನಲ್ಲಿ ಒಳಮಾತು–ಹೊರಮಾತುಗಳ ಈ ವ್ಯವಸ್ಥೆ ಯಾವಾಗಲೂ ಒತ್ತಾಯದಿಂದಲೇ ಬರುತ್ತದೆ ಎಂದೇನಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾಶಾಸ್ತ್ರದಲ್ಲಿ ಪ್ರಸಿದ್ಧ. ಅಲ್ಲಿ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಮುಸ್ಲಿಮರು ಉರ್ದು. ಒಬ್ಬರೊಡನೊಬ್ಬರು ಮಾತಾಡುವಾಗ ಮರಾಠಿ. ಏಕೆಂದರೆ ಮನೆಮಾತು ‘ನಮ್ಮವರು’ ಎಂಬುದರ ಗುರುತು. ಅದನ್ನು ಚಾವಡಿಗೆ ತಂದರೆ ಎದುರಿನವನನ್ನು ಹೊರಗಿಟ್ಟಂತೆ. ಇನ್ನೂ ಸೋಜಿಗವೆಂದರೆ, ಶತಮಾನಗಳ ಈ ಒಡನಾಟದಿಂದ ಮೂರೂ ಭಾಷೆಗಳ ವ್ಯಾಕರಣ ಒಂದೇ ಆಗಿಬಿಟ್ಟಿದೆ. ಪದ ಬದಲಿಸಿದರೆ ಸಾಕು, ವಾಕ್ಯ ಹಾಗೇ ಉಳಿಯುತ್ತದೆ. ಔರಾದದ ಸಂತೆಯಲ್ಲಿ ನಿಂತವರಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾದ ಅಗತ್ಯ ಬೀಳುವುದಿಲ್ಲ.

ಮೊಹರಮ್‌ನ ರಿವಾಯತ್ ಪದಗಳನ್ನೂ ಇಲ್ಲಿ ನೆನೆಯಬೇಕು. ಕಲಬುರಗಿ, ವಿಜಯಪುರ, ರಾಯಚೂರು ಸೀಮೆಗಳಲ್ಲಿ ಕರ್ಬಲಾದ ಕಥೆಯನ್ನು ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳಿದ್ದಾರೆ, ಮನೆಯಲ್ಲಿ ದಖನಿ ಮಾತಾಡುವ ಮುಸ್ಲಿಮರೂ ಇದ್ದಾರೆ. ಹುಸೈನರ ಶೋಕ ಊರಿಗೆಲ್ಲ ಸೇರಿದ್ದು, ಆದ್ದರಿಂದ ಅದನ್ನು ಊರಿನ ಮಾತಿನಲ್ಲಿ ಹಾಡಬೇಕು. ಇಲ್ಲಿ ಮನೆಮಾತನ್ನು ಬಿಟ್ಟುಬಂದವನು ಹೆದರಿ ಬಿಟ್ಟದ್ದಲ್ಲ. ಅತಿಥಿಗೆ ಜಾಗ ಬಿಟ್ಟುಕೊಟ್ಟಂತೆ ಬಿಟ್ಟದ್ದು. ಬೀದರಿಗೆ ಹತ್ತಿರದ ಅಷ್ಟೂರಿನಲ್ಲಿ ಅಹಮದ್ ಶಾಹನ ಗೋರಿಯ ಮುಂದೆ ನಡೆಯುವ ಉರುಸ್‌ನಲ್ಲಿ ಜಂಗಮರೊಬ್ಬರು ಮುಖ್ಯ ಪಾತ್ರ ವಹಿಸುತ್ತಾರೆ. ಮುಸ್ಲಿಮರಿಗೆ ಅವನು ‘ವಲಿ’, ಲಿಂಗಾಯತರಲ್ಲಿ ಹಲವರಿಗೆ ಅಲ್ಲಮಪ್ರಭು. ಈ ಉರುಸಿನ ವಿವರಗಳನ್ನು ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥದಲ್ಲಿಯೂ ಕಾಣಬಹುದು.

ಚಿಟಗುಪ್ಪದ ಖತೀಬರು

1948 ಈ ಎಲ್ಲ ಲೆಕ್ಕಗಳನ್ನು ತಲೆಕೆಳಗು ಮಾಡಿತು. ಆ ವರ್ಷ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆ ಬಂತು, ಸಂಸ್ಥಾನ ಮುಗಿಯಿತು. ಅನಂತರದ ದಿನಗಳಲ್ಲಿ ರಜಾಕಾರರ ಪಾಪಕ್ಕೆ ಸಾಮಾನ್ಯ ಮುಸ್ಲಿಮರು ಬೆಲೆ ತೆತ್ತರು. ಭಾರತ ಸರಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಕಡಿಮೆ ಲೆಕ್ಕದಲ್ಲೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅಂದಾಜು ಮಾಡಿತು. ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡಗಳೊಂದಿಗೆ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. 2013ರ ಹೊತ್ತಿಗೆ ಅದು ಸಾರ್ವಜನಿಕರಿಗೆ ಓದಸಿಕ್ಕಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್ ಮತ್ತು ನಾರಾಯಣಖೇಡದ ಕಡೆ ಆಂಧ್ರಕ್ಕೆ ಸೇರಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರಿಗೆ ಬಂದವು. ಎಂಟು ವರ್ಷಗಳಲ್ಲಿ ಹೊರಮಾತು ಬದಲಾಯಿತು. ನಿನ್ನೆ ಉರ್ದು ಬೋರ್ಡಿನ ಹಿಂದೆ ಅಡಗಿದ್ದ ಕನ್ನಡ ಈಗ ಕಚೇರಿಯ ಭಾಷೆ. ನಿನ್ನೆ ಕಚೇರಿಯಲ್ಲಿದ್ದ ಉರ್ದು ಈಗ ಮದ್ರಸಾ, ಮುಶಾಯಿರಾಗಳ ಭಾಷೆ. ದಖನಿ ಮಾತ್ರ ಇದ್ದಲ್ಲೇ ಇತ್ತು, ಒಲೆಯ ಮುಂದೆ.

ಹುಮನಾಬಾದ್ ಬಳಿಯ ಚಿಟಗುಪ್ಪದಲ್ಲಿ 1922ರಲ್ಲಿ ಹುಟ್ಟಿದ ಸುಲೇಮಾನ್ ಖತೀಬರಿಗೆ 1948ರಲ್ಲಿ 26 ವರ್ಷ. ಮುಂದೆ ಕಲಬುರಗಿಯ ನೀರು ಸರಬರಾಜು ಇಲಾಖೆಯಲ್ಲಿ ನೌಕರಿ ಮಾಡುತ್ತ ಜೀವನ ಸಾಗಿಸಿದರು. 1978ರಲ್ಲಿ ತೀರಿಕೊಂಡರು. ಅವರ ಕವನಸಂಗ್ರಹದ ಹೆಸರು ‘ಕೇವಡೆ ಕಾ ಬನ್’, ಅಂದರೆ ಕೇದಗೆಯ ಬನ. ಆ ಹೆಸರನ್ನು ಕನ್ನಡಿಸಲು ಕಷ್ಟವೇ ಪಡಬೇಕಾಗಿಲ್ಲ ಎಂಬುದನ್ನು ಗಮನಿಸಿ. ‘ಖತೀಬ್’ ಎಂದರೆ ಮಿಂಬರಿನ ಮೇಲೆ ನಿಂತು ಖುತ್ಬಾ ಕೊಡುವವನು, ಸಾರ್ವಜನಿಕವಾಗಿ ಗಂಭೀರವಾಗಿ ಮಾತಾಡುವವನು. ಆ ಹೆಸರು ಹೊತ್ತವರು ದೇಶದ ದೊಡ್ಡ ಮುಶಾಯಿರಾಗಳ ವೇದಿಕೆಗೆ ಹೋಗಿ ಅಡುಗೆಮನೆಯ ಮಾತಿನಲ್ಲಿ ಕವನ ಓದಿದರು.

ಅವರ ಎರಡು ಕವನಗಳು ದಖನ್ನಿನ ಮನೆಮನೆಯಲ್ಲೂ ಪರಿಚಿತ. ಒಂದು ‘ಸಾಸ್ ಬಹೂ’, ಇನ್ನೊಂದು ‘ಪಹಲೀ ತಾರೀಖ್’. ಮೊದಲನೆಯದು ಅತ್ತೆ–ಸೊಸೆಯ ಮಾತುಕತೆ. ಎರಡನೆಯದು ಸಂಬಳದ ದಿನ ಸಣ್ಣ ನೌಕರನ ಮನೆಯ ಜಟಾಪಟಿ. ಎರಡರಲ್ಲೂ ಹೆಂಗಸರು ಮಾತಾಡುತ್ತಾರೆ. ಬೈಗುಳ, ಚುಚ್ಚು, ಗಾದೆ, ತವರಿನ ಹಂಗಿಸುವಿಕೆ ಎಲ್ಲ ಪರದೆಯ ಹಿಂದೆ ಆಡುವಂಥದೇ. ಒಬ್ಬ ಗಂಡಸು ಸಾವಿರಾರು ಜನರೆದುರು ನಿಂತು ಅದನ್ನು ಆಡಿ ತೋರಿಸುತ್ತಿದ್ದರು. ಜನ ಬಿದ್ದುಬಿದ್ದು ನಗುತ್ತಿದ್ದರು. ಖತೀಬರ ಕವನಗಳ ಗುಟ್ಟು ಇರುವುದು ಮುಂದಿನ ತಿರುವಿನಲ್ಲಿ. ನಗುನಗುತ್ತ ಶುರುವಾದದ್ದು ಎಲ್ಲೋ ಒಂದು ಕಡೆ ಹೊರಳಿ ಬಡತನದ, ಅವಮಾನದ, ಅಗಲಿಕೆಯ ಮಾತಾಗುತ್ತದೆ. ನಗಲು ಬಾಯಿ ತೆರೆದವನಿಗೆ ಗಂಟಲು ಕಟ್ಟುತ್ತದೆ.

ಈ ತಿರುವು ಯಾಕೆ ಬೇಕಾಯಿತು? ನೇರವಾಗಿ ದುಃಖವನ್ನೇ ದಖನಿಯಲ್ಲಿ ಹೇಳಬಹುದಿತ್ತಲ್ಲ? ಹೇಳಬಹುದಿತ್ತು, ಆದರೆ ಕೇಳುವವರು ಸಿದ್ಧರಿರಲಿಲ್ಲ. ಮುಶಾಯಿರಾದಲ್ಲಿ ಪ್ರೇಮ, ವಿರಹ, ಧರ್ಮ, ಕ್ರಾಂತಿಗಳಿಗೆ ಶಿಷ್ಟ ಉರ್ದು ಮೀಸಲಾಗಿತ್ತು. ದಖನಿಗೆ ಒಂದೇ ಬಾಗಿಲು ತೆರೆದಿತ್ತು. ಅದು ಹಾಸ್ಯದ ಬಾಗಿಲು. ಖತೀಬರಿಗಿಂತ ಮೊದಲೇ ನಜೀರ್ ದಹ್ಖಾನಿ ಆ ಬಾಗಿಲಿನಿಂದ ಬಂದಿದ್ದರು. ಆ ಕವಿಗಳ ಕಾವ್ಯನಾಮಗಳನ್ನೇ ನೋಡಿ: ‘ದಹ್ಖಾನಿ’ ಎಂದರೆ ಹಳ್ಳಿಗ, ಸರವರ್ ‘ಡಂಡಾ’ ಎಂದರೆ ದೊಣ್ಣೆ, ಗೌಸ್ ‘ಖಾಮಖಾ’ ಎಂದರೆ ಸುಮ್ಮಸುಮ್ಮನೆ, ಏಜಾಜ್ ಹುಸೇನ್ ‘ಖಟ್ಟಾ’ ಎಂದರೆ ಹುಳಿ, ‘ಪಾಗಲ್’ ಆದಿಲಾಬಾದಿ ಎಂದರೆ ಹುಚ್ಚ. ಗಜಲ್ ಬರೆಯುವವನು ತನ್ನನ್ನು ಹೃದಯ, ದೀಪ, ಮುಂಜಾವು ಎಂದು ಕರೆದುಕೊಳ್ಳುತ್ತಾನೆ. ತಾಯಿಯ ಮಾತಿನಲ್ಲಿ ಬರೆಯುವವನು ತನ್ನನ್ನು ಹುಚ್ಚನೆಂದು ಕರೆದುಕೊಂಡು ವೇದಿಕೆ ಹತ್ತಬೇಕು. ಅದೊಂದು ಮುಖವಾಡ, ನಿಜ. ಆದರೆ ಅದನ್ನು ಹಾಕಿಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ. ಖತೀಬರು ತಮ್ಮ ಹೆಸರನ್ನು ಹಾಗೇ ಉಳಿಸಿಕೊಂಡರು ಎಂಬುದು ಸಣ್ಣ ಮಾತಲ್ಲ.

1948ರ ನೆನಪು ಹಸಿಯಾಗಿದ್ದ ವರ್ಷಗಳಲ್ಲಿ ದಖನಿ ಹಾಸ್ಯ ಇಷ್ಟು ಬೆಳೆದದ್ದಕ್ಕೂ ಆ ನೆನಪಿಗೂ ಸಂಬಂಧವಿದೆಯೆಂದು ನಮ್ಮ ಎಣಿಕೆ. ಹೈದರಾಬಾದಿನಲ್ಲಿ ಹಾಸ್ಯಪ್ರಿಯರ ‘ಜಿಂದಾ ದಿಲಾನ್’ ಸಂಸ್ಥೆ 1962ರಲ್ಲಿ ಹುಟ್ಟಿತು. ಅದರ ಬಳಗದ ‘ಶಗೂಫಾ’ ಮಾಸಿಕ 1968ರಲ್ಲಿ ಶುರುವಾಯಿತು. 1965ರಲ್ಲಿ ಬಬ್ಬನ್ ಖಾನರ ‘ಅದ್ರಕ್ ಕೆ ಪಂಜೆ’ ನಾಟಕ ರಂಗಕ್ಕೆ ಬಂದು, ಮುಂದಿನ ದಶಕಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಪ್ರದರ್ಶನ ಕಂಡಿತು. ಅಲ್ಲೂ ಸಾಲಕ್ಕೆ ಸಿಕ್ಕ ಬಡ ಸಂಸಾರಿಯದೇ ಕಥೆ. ಸೋತ ಸಮುದಾಯ ಬಹಿರಂಗವಾಗಿ ಅತ್ತರೆ ಅದಕ್ಕೆ ಬೇರೆ ಅರ್ಥ ಹಚ್ಚುವವರಿರುತ್ತಾರೆ. ನಕ್ಕರೆ ಯಾರೂ ಆಕ್ಷೇಪಿಸುವುದಿಲ್ಲ. ಆದ್ದರಿಂದ ಅಳಬೇಕಾದದ್ದನ್ನೂ ನಗುವಿನ ಒಳಗಿಟ್ಟು ತಂದರು.

ಇದರಿಂದ ನಷ್ಟವೂ ಆಯಿತು. ದಖನಿ ಎಂದರೆ ನಗುವ ಭಾಷೆ ಎಂಬುದು ಗಟ್ಟಿಯಾಯಿತು. ಅದೇ 1965ರಲ್ಲಿ ಬಂದ ‘ಗುಮ್‌ನಾಮ್’ ಹಿಂದಿ ಚಿತ್ರದಲ್ಲಿ ಮುಂಬಯಿಯ ನಟ ಮೆಹಮೂದ್ ಹೈದರಾಬಾದಿ ಧಾಟಿಯಲ್ಲಿ ಮಾತಾಡುವ ಬಟ್ಲರನ ಪಾತ್ರ ಮಾಡಿ ದೇಶವನ್ನೆಲ್ಲ ನಗಿಸಿದರು. ನಾಯಕನ ಬಾಯಲ್ಲಿ ಶುದ್ಧ ಹಿಂದುಸ್ತಾನಿ, ಅಡುಗೆಯವನ ಬಾಯಲ್ಲಿ ದಖನಿ. ಖತೀಬರ ಕವನದ ಒಳಗಿದ್ದ ಆ ಎರಡನೇ ತಿರುವು ಸಿನೆಮಾದಲ್ಲಿ ಉಳಿಯಲಿಲ್ಲ, ನಗು ಮಾತ್ರ ಉಳಿಯಿತು. 2005ರ ‘ದಿ ಅಂಗ್ರೇಜ್’ ಚಿತ್ರದಿಂದೀಚೆಗೆ ಇಂಥ ಹಾಸ್ಯಚಿತ್ರಗಳ ಸಾಲೇ ಬಂತು. ಅವು ಚಾರ್‌ಮಿನಾರಿನ ಬಳಿಯ ಜನರನ್ನೂ ನಗಿಸಿದವು ಎಂಬುದು ನಿಜ. ತಮ್ಮ ಮಾತನ್ನು ಪರದೆಯ ಮೇಲೆ ಕೇಳುವ ಸುಖವೇ ಬೇರೆ. ಆದರೆ ಆ ಮಾತಿನಲ್ಲಿ ಒಬ್ಬ ವೈದ್ಯನೋ ನ್ಯಾಯಾಧೀಶನೋ ಗಂಭೀರವಾಗಿ ಮಾತಾಡುವುದನ್ನು ಪ್ರೇಕ್ಷಕರು ಊಹಿಸಲಾರದೆ ಹೋದರು.

ಕನ್ನಡ ಚಿತ್ರರಂಗದ್ದೂ ಬೇರೆ ಕಥೆಯಲ್ಲ. ಅಲ್ಲಿ ಮುಸ್ಲಿಮ್ ಪಾತ್ರ ಬಂದರೆ ‘ನಮ್ದೂಕೆ, ನಿಮ್ದೂಕೆ’ ಎಂಬ, ಯಾವ ಊರಿನಲ್ಲೂ ಯಾರೂ ಆಡದ ಕನ್ನಡವನ್ನು ಅವನ ಬಾಯಿಗೆ ತುರುಕಲಾಗುತ್ತಿತ್ತು. ಬೀದರಿನ ಮುಸ್ಲಿಮನ ಕನ್ನಡ ಬೀದರಿನ ಲಿಂಗಾಯತನ ಕನ್ನಡದಂತೆಯೇ ಇರುತ್ತದೆ. ಮರಾಠಿ, ಉರ್ದು ಪದಗಳು ಇಬ್ಬರಲ್ಲೂ ಸಮನಾಗಿವೆ. ಆ ಕನ್ನಡವನ್ನು ಕೂಡ ಬೆಂಗಳೂರಿನ ಸಿನೆಮಾ ಬಹುಕಾಲ ಹಾಸ್ಯಕ್ಕೇ ಬಳಸಿತು. ಹಾಗಾಗಿ ಬೆಂಗಳೂರಿನ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕುಳಿತ ಭಾಲ್ಕಿಯ ಹುಡುಗಿ ‘ಬರ್ಲಾಕತ್ತೀನಿ’ ಎಂಬುದನ್ನು ‘ಬರುತ್ತಿದ್ದೇನೆ’ ಎಂದು ತಿದ್ದಿಕೊಂಡರೆ, ಮುಶಾಯಿರಾದ ಕವಿ ‘ನಕ್ಕೋ’ ನುಂಗಿಕೊಂಡದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಇಬ್ಬರೂ ಎದುರಿನವರು ನಗುವ ಮೊದಲೇ ತಮ್ಮನ್ನು ತಿದ್ದಿಕೊಂಡವರು.

ಈಚಿನ ವರ್ಷಗಳಲ್ಲಿ ಒಂದು ಹೊಸ ಬೆಳವಣಿಗೆ ಕಾಣುತ್ತಿದೆ, ಅದೂ ನಿರೀಕ್ಷಿಸದ ಕಡೆಯಿಂದ. ಬೆಂಗಳೂರಿನ ನೀಲಸಂದ್ರದ ರ‍್ಯಾಪ್ ಗಾಯಕ ಪಾಶಾ ಭಾಯ್ ದಖನಿಯಲ್ಲಿ ಹಾಡುತ್ತಾರೆ. ರ‍್ಯಾಪ್ ನಮ್ಮ ಹಿರಿಯರಿಗೆ ಗಲಾಟೆಯಾಗಿ ಕೇಳಿಸೀತು, ಅದು ಇರಲಿ. ಗಮನಿಸಬೇಕಾದ್ದು, ಅಲ್ಲಿ ದಖನಿ ನಗಿಸಲು ಬಂದಿಲ್ಲ. ತನ್ನ ಗಲ್ಲಿಯ ಬದುಕನ್ನು, ಸಿಟ್ಟನ್ನು, ಹೆಮ್ಮೆಯನ್ನು ಆ ಗಲ್ಲಿಯ ಮಾತಿನಲ್ಲಿಯೇ ಹೇಳುವ ಗಾಯಕ ವೇದಿಕೆ ಏರುವಾಗ ಭಾಷೆ ಬದಲಿಸುವುದಿಲ್ಲ. ಹೆಸರಿನಲ್ಲೂ ‘ಖಾಮಖಾ’, ‘ಖಟ್ಟಾ’, ‘ಪಾಗಲ್’ಗಳ ರಕ್ಷಣೆ ಬೇಡಿಲ್ಲ. ‘ಪಾಶಾ ಭಾಯ್’ ಎಂಬುದು ಬೀದರಿನ ಚೌಬಾರಾದ ಬಳಿ ನಿಂತು ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ ಹೆಸರು.